ಬಾಯಿ ಬಿಡದ ಓಜ್ನೆ ಹಾಮಾನ್: ನನ್ನ ಅನುಭವ

ಇಸ್ರೇಲಿನ ರೆಹೋವೋತ್‌ನಲ್ಲಿ ನಮ್ಮ ಕಟ್ಟಡದ ಮಕ್ಕಳ ಕೈಯಲ್ಲೇ ಯಹೂದಿಗಳ ಪುರಿಮ್ ಹಬ್ಬದ ಓಜ್ನೆ ಹಾಮಾನ್, ಅಂದರೆ ಹೂರಣ ತುಂಬಿದ ಮುಕ್ಕೋನದ ಬಿಸ್ಕತ್ತು, ಮಾಡಿಸುತ್ತೇನೆ ಎಂದಾಗ ಅಕ್ಕಪಕ್ಕದವರು ಯಾರೂ ನಂಬಲಿಲ್ಲ. "ಮಕ್ಕಳು ಮಡಚಿದ್ದು ಓವನ್‌ನಲ್ಲಿ ಬಾಯಿ ಬಿಡುತ್ತೆ, ಬೇಕರಿಯಿಂದ ತಂದುಬಿಡು" ಅಂದರು. ಈ ಸಲ ನಲವತ್ತು ನಲವತ್ತೈದು ಬೇಯಿಸಿದೆವು, ಬಾಯಿ ಬಿಟ್ಟಿದ್ದು ಎರಡೋ ಮೂರೋ. ಮಡಚಿದವರೆಲ್ಲ ಐದರಿಂದ ಒಂಬತ್ತು ವರ್ಷದವರು!

ಬೇಕಿಂಗ್ ಪೌಡರ್ ಪೂರ್ತಿ ಬಿಟ್ಟೆ. ಅದಿದ್ದರೆ ಹಿಟ್ಟು ಉಬ್ಬಿ ಮಡಿಕೆಯನ್ನು ಹೊರಕ್ಕೆ ತಳ್ಳುತ್ತದೆ. ಮೂರು ಕಪ್ ಮೈದಾಕ್ಕೆ 200 ಗ್ರಾಂ ಬೆಣ್ಣೆ, ಮುಕ್ಕಾಲು ಕಪ್ ಸಕ್ಕರೆ ಪುಡಿ, ಒಂದು ಮೊಟ್ಟೆ, ಹಿಟ್ಟು ಕೂಡುವಷ್ಟು ಕಿತ್ತಳೆ ರಸ. ಮೂಲೆ ಚಿವುಟುವುದನ್ನೂ ಬಿಡಿಸಿದೆ. ಲಟ್ಟಿಸಿದ ದುಂಡು ಹಿಟ್ಟಿನ ನಡುವೆ ಹೂರಣವಿಟ್ಟು, ಒಂದು ಬದಿ ಮಡಚಿ, ಎರಡನೆಯದನ್ನು ಅದರ ಮೇಲೆ ತಂದು, ಮೂರನೆಯದರ ಒಂದು ತುದಿಯನ್ನು ಮೊದಲನೆಯದರ ಅಡಿಗೆ ಸೇರಿಸಬೇಕು, ರಟ್ಟಿನ ಪೆಟ್ಟಿಗೆ ಮುಚ್ಚುವ ಹಾಗೆ. ತಟ್ಟೆ ಸಮೇತ ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು, 180 ಡಿಗ್ರಿಯಲ್ಲಿ ಹದಿಮೂರು ಹದಿನಾಲ್ಕು ನಿಮಿಷ.

ಹೂರಣಕ್ಕೆ ಇಲ್ಲಿ ಗಸಗಸೆಯೇ ವಾಡಿಕೆ. ಆದರೆ ಅದು ಕಪ್ಪು, ನಮ್ಮ ಪಾಯಸದ ಬಿಳಿ ಗಸಗಸೆಯಲ್ಲ. ಇಡಿಯಾಗಿ ಬೇಯಿಸಿದರೆ ಗಟ್ಟಿಯಾಗುವುದೇ ಇಲ್ಲ, ಅಂಗಡಿಯಲ್ಲೇ ಪುಡಿ ಮಾಡಿಸಬೇಕು. ಹಾಲು ಸಕ್ಕರೆಯಲ್ಲಿ ಚಮಚ ನಿಲ್ಲುವ ಹದಕ್ಕೆ ಕುದಿಸುತ್ತೇನೆ. ನಿಂಬೆ ಸಿಪ್ಪೆಯ ತುರಿಯ ಜೊತೆ ಇನ್ನೊಂದು ವಸ್ತು ಬೀಳುತ್ತದೆ, ಅದನ್ನು ಮಾತ್ರ ಹೇಳುವುದಿಲ್ಲ. ಹೋಳಿಗೆಯ ಕಾಯಿ-ಬೆಲ್ಲದ ಹೂರಣ ತುಂಬಿಯೂ ನೋಡಿದ್ದೆ. ಬೆಲ್ಲ ಕರಗಿ ಹರಿದು ತಳಕ್ಕೆ ಹತ್ತಿತು, ಇಪ್ಪತ್ತು ಶೆಕೆಲ್‌ನಷ್ಟು (ಶೆಕೆಲ್ ಇಲ್ಲಿನ ಹಣ) ಸಾಮಾನು ಕಸಕ್ಕೆ ಹೋಯಿತು. ಖರ್ಜೂರದ ಪೇಸ್ಟ್ ಎಂದೂ ಕೈಕೊಟ್ಟಿಲ್ಲ, ಮಕ್ಕಳು ಮೊದಲು ಖಾಲಿ ಮಾಡುವುದೂ ಅದನ್ನೇ.

ತಟ್ಟೆ ಫ್ರೀಜರ್‌ನಲ್ಲಿರುವಾಗ ರಆಶಾನ್, ಅಂದರೆ ಸದ್ದು ಮಾಡುವ ಗಿಲಕಿ, ಮಾಡಿಸುತ್ತೇನೆ. ಹಬ್ಬದ ಕಥೆಯಿರುವ ಎಸ್ತೇರಳ ಸುರುಳಿ ಓದುವಾಗ, ಯಹೂದಿಗಳನ್ನು ಕೊಲ್ಲಿಸಲು ಹೊರಟ ಹಾಮಾನನ ಹೆಸರು ಬಂದಾಗಲೆಲ್ಲ ಗದ್ದಲ ಎಬ್ಬಿಸಬೇಕಲ್ಲ, ಅದಕ್ಕೆ. ಸಣ್ಣ ನೀರಿನ ಬಾಟಲಿಗೆ ಅಕ್ಕಿ ತುಂಬಿದರೆ ಮಳೆ ಸದ್ದು, ಯಾರಿಗೂ ಕೇಳುವುದಿಲ್ಲ. ಕಾಬೂಲಿ ಕಡಲೆ ಒಂದು ಹಿಡಿ ಸಾಕು, ಕಾಲು ಭಾಗಕ್ಕಿಂತ ಹೆಚ್ಚು ತುಂಬಿದರೆ ಸದ್ದು ಸಾಯುತ್ತದೆ. ಮುಚ್ಚಳಕ್ಕೆ ಬಿಸಿ ಅಂಟೇ ಆಗಬೇಕು. ಬರೀ ಟೇಪ್ ಸುತ್ತಿದ ಬಾಟಲಿ ಓದು ಅರ್ಧಕ್ಕೆ ಬರುವುದರೊಳಗೆ ಬಿಚ್ಚಿ ಕಾಳೆಲ್ಲ ನೆಲಕ್ಕೆ ಚೆಲ್ಲಿತ್ತು.

ಕೋಷರ್, ಅಂದರೆ ಯಹೂದಿ ಆಹಾರ ನಿಯಮ, ಪಾಲಿಸುವ ಮನೆಗಳಿಗೆ ನನ್ನ ಅಡುಗೆಮನೆಯದು ಕೊಡುವುದಿಲ್ಲ. ಪುರಿಮ್‌ಗೆ ಕಳಿಸುವ ತಿನಿಸಿನ ಉಡುಗೊರೆ ಮಿಶ್ಲೋಆಖ್ ಮನೋತ್‌ಗೆ ಎರಡು ಬಗೆಯ ತಿನಿಸು ಬೇಕು: ಅವರಿಗೆ ಹಣ್ಣು, ಕೋಷರ್ ಮುದ್ರೆಯ ಚಾಕೊಲೇಟ್. ಬುಟ್ಟಿ ಮಾತ್ರ ಮಕ್ಕಳು ರಟ್ಟಿನಲ್ಲಿ ಹೆಣೆದದ್ದು, ಆ ಬುಟ್ಟಿಯನ್ನು ಯಾರೂ ಎಸೆದಿಲ್ಲ.

ಒಟ್ಟು ಖರ್ಚು ಮೂವತ್ತೈದು ಶೆಕೆಲ್ ಆಸುಪಾಸು. ಬೇಕರಿಯಲ್ಲಿ ಕಿಲೋಗೆ ಅರವತ್ತರ ಮೇಲೆ. ತಿಂಗಳು ಕಳೆದರೆ ಇನ್ನೊಂದು ಯಹೂದಿ ಹಬ್ಬ ಪೇಸಖ್ ಬರುತ್ತದೆ, ಮನೆಯಲ್ಲಿ ಹಿಟ್ಟು ಉಳಿಯಬಾರದೆಂದು ನೆರೆಯವರು ಮೈದಾ ಪೊಟ್ಟಣ ಖಾಲಿ ಮಾಡುತ್ತಾರೆ. ಈ ವರ್ಷ ಅವೆಲ್ಲ ನಮ್ಮ ಮನೆಗೇ ಬಂದವು. ಬೇಡವೆಂದವರೇ ತಂದುಕೊಟ್ಟರು.