ಟ್ರೈಕ್ ಫೋರ್ಕ್ ಸೋರಿಕೆ: ಸೀಲ್ ಅಲ್ಲ, ಬುಷ್ ನೋಡಿ

ನಂದು ಮಾಮೂಲಿ ಬೈಕ್‌ಗೆ ಹಿಂದೆ ಎರಡು ಚಕ್ರದ ಆಕ್ಸಲ್ ಹಾಕಿ ಮಾಡಿರೋ ಟ್ರೈಕ್, ಮುಂದಿನ ಟೆಲಿಸ್ಕೋಪಿಕ್ ಫೋರ್ಕ್ (ಒಂದರೊಳಗೊಂದು ಜಾರೋ ಪೈಪಿನ ಶಾಕ್) ಮಾತ್ರ ಬೈಕಿಂದೇ ಹಾಗೇ ಇದೆ. ತಗೊಂಡಾಗ್ಲೇ ಎಡಗಡೆ ಫೋರ್ಕ್ ಒದ್ದೆ ಇತ್ತು, ಹಳೇ ಓನರ್ ಸೀಲ್ (ಎಣ್ಣೆ ತಡೆಯೋ ರಬ್ಬರ್ ರಿಂಗ್) ಹಾಕ್ಸಿದ್ರಂತೆ, ಮತ್ತೆ ಸೋರಿದೆ. ಅದರ ಜೊತೆ ಬ್ರೇಕ್ ಹಿಡಿದ್ರೆ ಟಕ್ ಅಂತ ಸದ್ದು, ನಿಧಾನಕ್ಕೆ ಹೋಗುವಾಗ ಹ್ಯಾಂಡಲ್ ಎಡಕ್ಕೂ ಬಲಕ್ಕೂ ಅದುರೋದು.

ಇಲ್ಲಿ ಒಂದು ವಿಷಯ ತಲೇಲಿ ಇಟ್ಕೋಬೇಕು. ಬೈಕ್ ತಿರುವಲ್ಲಿ ವಾಲುತ್ತೆ, ಹಾಗಾಗಿ ಭಾರ ಹೆಚ್ಚುಕಮ್ಮಿ ಫೋರ್ಕ್ ಉದ್ದಕ್ಕೇ ಬೀಳುತ್ತೆ. ಟ್ರೈಕ್ ವಾಲಲ್ಲ, ಟೈರ್ ಪಕ್ಕಕ್ಕೆ ತಳ್ಳುತ್ತೆ, ಆ ತಳ್ಳಾಟ ಪೂರ್ತಿ ಫೋರ್ಕ್ ಪೈಪನ್ನ ಬಗ್ಗಿಸೋಕೆ ನೋಡುತ್ತೆ, ಪೈಪ್ ಅಲ್ಲಾಡದೆ ಜಾರೋ ಹಾಗೆ ಹಿಡಿಯೋ ಬಳೆ, ಅಂದ್ರೆ ಬುಷ್, ಪಕ್ಕಗಳಲ್ಲಿ ಸವೆಯುತ್ತೆ, ಆಮೇಲೆ ಪೈಪ್ ಸೀಲ್ ಒಳಗೆ ನೆಟ್ಟಗೆ ನಿಲ್ಲಲ್ಲ. ಪಾಪ ಆ ಸೀಲ್ ಏನು ಮಾಡುತ್ತೆ?

ಫ್ರೇಮ್ ಕೆಳಗೆ ಜಾಕ್ ಕೊಟ್ಟು ಮುಂದಿನ ಚಕ್ರ ಎತ್ತಿದೆ, ಹಿಂದೆ ಎರಡು ಚಕ್ರ ಇರೋದ್ರಿಂದ ಬೀಳೋ ಭಯ ಇಲ್ಲ, ಆದ್ರೂ ಹಿಂದೆ ಅಡ್ಡಗಲ್ಲು ಇಟ್ಟೇ ಇಡಿ. ಫ್ರೆಂಡ್ ಕೈಲಿ ಫೋರ್ಕ್ ತಳ ಹಿಡಿದು ಹಿಂದೆ ಮುಂದೆ ಅಲ್ಲಾಡಿಸೋಕೆ ಹೇಳಿ, ನಾನು ಒಂದು ಬೆರಳು ಕೆಳಗಿನ ಕ್ಲ್ಯಾಂಪ್ (ಎರಡೂ ಫೋರ್ಕ್ ಪೈಪ್ ಹಿಡಿದಿರೋ ಭಾಗ) ಮತ್ತು ಫ್ರೇಮ್ ಕೂಡೋ ಜಾಗದಲ್ಲಿ ಇಟ್ಟೆ. ಅಲ್ಲಿ ಟಕ್ ಅಂದ್ರೆ ಕೋನ್‌ಸೆಟ್, ಅಂದ್ರೆ ಹ್ಯಾಂಡಲ್ ತಿರುಗೋ ಬೇರಿಂಗ್. ಅದೇ ಬೆರಳು ಡಸ್ಟ್ ಸೀಲ್ (ಧೂಳು ತಡೆಯೋ ಹೊರಗಿನ ರಬ್ಬರ್) ಮೇಲಿಟ್ಟಾಗ ಪೈಪ್ ಅಲ್ಲಾಡಿದ್ರೆ ಬುಷ್. ನನ್ನದ್ರಲ್ಲಿ ಎರಡೂ ಇತ್ತು, ಹ್ಯಾಂಡಲ್ ಮೆಲ್ಲಗೆ ತಿರುಗಿಸಿದ್ರೆ ನಡುವಲ್ಲಿ ಗುಂಡಿಗೆ ಬಿದ್ದ ಹಾಗೆ ಕೂರೋದು, ಅಂದ್ರೆ ಕೋನ್‌ಸೆಟ್ ರೇಸ್‌ನಲ್ಲಿ (ಬೇರಿಂಗ್ ಉರುಳೋ ದಾರೀಲಿ) ಗುರುತು ಬಿದ್ದಿದೆ.

ಬಿಚ್ಚುವಾಗ ಕ್ರಮ ಮುಖ್ಯ. ಮೇಲಿನ ಕ್ಯಾಪ್‌ನ ಫೋರ್ಕ್ ಇನ್ನೂ ಕ್ಲ್ಯಾಂಪಲ್ಲಿ ಇರುವಾಗ್ಲೇ ಸ್ವಲ್ಪ ಲೂಸ್ ಮಾಡ್ಕೊಳ್ಳಿ, ತಳದ ಅಲೆನ್ ಬೋಲ್ಟನ್ನ ಸ್ಪ್ರಿಂಗ್ ತೆಗೆಯೋಕೆ ಮುಂಚೆ ಸಡಿಲಿಸಿ, ಇಲ್ಲಾಂದ್ರೆ ಒಳಗಿನ ಡ್ಯಾಂಪರ್ ರಾಡ್ ಬೋಲ್ಟ್ ಜೊತೆನೇ ಸುತ್ತುತ್ತೆ. ಕ್ಯಾಪ್ ಪೂರ್ತಿ ತೆಗೆಯುವಾಗ ಮುಖ ಪಕ್ಕಕ್ಕಿರಲಿ, ಸ್ಪ್ರಿಂಗ್ ಎಗರುತ್ತೆ. ಎಣ್ಣೆ ಬೂದಿ ಬಣ್ಣಕ್ಕೆ ತಿರುಗಿ ಮಿಂಚ್ತಿತ್ತು, ಬುಷ್ ಪುಡಿ ಅದು. ಬುಷ್ ಮೇಲಿನ ಟೆಫ್ಲಾನ್ ಹೋಗಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತಾಮ್ರದ ಬಣ್ಣ ಕಂಡ್ರೆ ಬದಲಾಯಿಸಬೇಕು, ನಂದು ಅದನ್ನೂ ದಾಟಿತ್ತು.

ಪೈಪನ್ನ ವಿ-ಬ್ಲಾಕ್ (ವಿ ಆಕಾರದ ಕಚ್ಚಿರೋ ಆಸರೆ) ಮೇಲಿಟ್ಟು ಡಯಲ್ ಗೇಜ್ (ಮುಳ್ಳಿರೋ ಅಳತೆ ಮೀಟರ್) ಹಚ್ಚಿ ಸುತ್ತಿದ್ರೆ ಬರೋ ರೀಡಿಂಗಿನ ಅರ್ಧವೇ ಬೆಂಡ್, ಹಲವು ಮ್ಯಾನ್ಯುಯಲ್‌ಗಳಲ್ಲಿ ಲಿಮಿಟ್ 0.2 ಮಿ.ಮೀ. ಎಡಗಡೇದು ಕೆಳಗಿನ ಕ್ಲ್ಯಾಂಪ್ ಹತ್ರ ಬಾಗಿತ್ತು. ಪ್ರೆಸ್ಸಲ್ಲಿ ನೆಟ್ಟಗೆ ಮಾಡ್ಕೊಡ್ತೀವಿ ಅನ್ನೋರು ಸಿಗ್ತಾರೆ, ಬೈಕಲ್ಲಿ ಏನೋ ಗೊತ್ತಿಲ್ಲ, ಟ್ರೈಕ್‌ಗೆ ನಾನಂತೂ ಒಪ್ಪಲ್ಲ, ಬಾಗಿದ ಜಾಗಕ್ಕೇ ಮತ್ತೆ ಅದೇ ಭಾರ ಬೀಳುತ್ತೆ. ಎರಡೂ ಪೈಪ್ ಹೊಸದು ಹಾಕಿದೆ.

ಎಲ್ಲಕ್ಕಿಂತ ಹೆದರಿಸಿದ್ದು ಕೆಳಗಿನ ಕ್ಲ್ಯಾಂಪ್. ಪೇಂಟ್ ಕೆರೆದು ಕ್ರ್ಯಾಕ್ ನೋಡೋ ಕೆಂಪು ಡೈ ಹಾಕಿ ಒರೆಸಿ ಬಿಳಿ ಡೆವಲಪರ್ ಹೊಡೆದ್ರೆ, ಸ್ಟೆಮ್ (ಕ್ಲ್ಯಾಂಪಿಂದ ಫ್ರೇಮ್ ಒಳಗೆ ಹೋಗೋ ಕಂಬಿ) ಬುಡದಲ್ಲಿ ಕೂದಲಷ್ಟು ಸಣ್ಣ ಕೆಂಪು ಗೆರೆ. ಬರಿಗಣ್ಣಿಗೆ ಏನೂ ಕಾಣ್ತಿರಲಿಲ್ಲ. ಇದಕ್ಕೆ ವೆಲ್ಡಿಂಗ್ ಬೇಡವೇ ಬೇಡ, ಸ್ಟೆಮ್ ಸಮೇತ ಬದಲಾಯಿಸಿ. ನಾನು ಹೇಗಿದ್ರೂ ಬದಲಾಯಿಸ್ಬೇಕು ಅಂತ ಟ್ರೈಕಿಗಂತ್ಲೇ ಬರೋ, ಫೋರ್ಕನ್ನ ಇನ್ನಷ್ಟು ಮುಂದಕ್ಕೆ ಚಾಚೋ ಕ್ಲ್ಯಾಂಪ್ ಸೆಟ್ಟೇ ಹಾಕಿದೆ, ಟ್ರೇಲ್ (ಹ್ಯಾಂಡಲ್ ತಿರುಗೋ ಗೆರೆ ನೆಲ ಮುಟ್ಟೋ ಜಾಗಕ್ಕೂ ಟೈರ್ ನೆಲ ಮುಟ್ಟೋ ಜಾಗಕ್ಕೂ ಇರೋ ಅಂತರ) ಕಮ್ಮಿ ಆಗಿ ಹ್ಯಾಂಡಲ್ ಹಗುರ ಆಗುತ್ತೆ. ಎರಡು ಚಕ್ರದ ಬೈಕಿಗೆ ಇದನ್ನ ಹಾಕ್ಬೇಡಿ, ಸ್ಪೀಡಲ್ಲಿ ಅದು ನೆಟ್ಟಗೆ ಹೋಗಲ್ಲ.

ಜೋಡಿಸೋದು ಸಲೀಸು. ಪೈಪ್ ತುದಿಗೆ ಪ್ಲಾಸ್ಟಿಕ್ ಕವರ್ ಹಾಕಿ ಸೀಲ್ ಇಳಿಸಿದ್ರೆ ಅದರ ಅಂಚು ಹರಿಯಲ್ಲ, ತಳದ ತಾಮ್ರದ ವಾಷರ್ ಹೊಸದೇ ಹಾಕಿ. ಎಣ್ಣೆ ಮಟ್ಟವನ್ನ ಸ್ಪ್ರಿಂಗ್ ಇಲ್ದೆ ಫೋರ್ಕ್ ಪೂರ್ತಿ ಒತ್ತಿ, ಗಾಳಿ ಹೋಗೋ ತನಕ ಪಂಪ್ ಮಾಡಿ, ಆಮೇಲೆ ಅಳೀಬೇಕು, ಎರಡೂ ಕಡೆ ಒಂದೇ ಇರ್ಬೇಕು. ಚಕ್ರ ಹಾಕಿ ಆಕ್ಸಲ್ ಪಿಂಚ್ ಬೋಲ್ಟ್ (ಆಕ್ಸಲನ್ನ ಕಚ್ಚಿ ಹಿಡಿಯೋದು) ಲೂಸ್ ಇರುವಾಗ್ಲೇ ಮುಂಭಾಗ ನಾಲ್ಕಾರು ಸಲ ಕುಪ್ಪಳಿಸಿ ಆಮೇಲೆ ಟೈಟ್ ಮಾಡಿ, ಇಲ್ಲಾಂದ್ರೆ ಫೋರ್ಕಿನ ಎರಡೂ ಕಾಲು ಒಂದಕ್ಕೊಂದು ಹಿಡ್ಕೊಂಡು ಹೊಸ ಬುಷ್ಶೂ ಸವೆಯುತ್ತೆ.

ಟಕ್ ಸದ್ದು ಹೋಯ್ತು, ಸೀಲ್ ಈಗ ಸೋರ್ತಿಲ್ಲ. ನಿಧಾನದ ಅದುರು ಮಾತ್ರ ಸ್ವಲ್ಪ ಉಳಿದಿತ್ತು, ಟ್ರೇಲ್ ಕಮ್ಮಿ ಮಾಡಿದ್ರೆ ಅದು ಇದ್ದದ್ದೇ, ಸ್ಟೀರಿಂಗ್ ಡ್ಯಾಂಪರ್ (ಹ್ಯಾಂಡಲ್ ಅದುರು ತಡೆಯೋ ಸಣ್ಣ ಶಾಕ್) ಹಾಕಿದ್ಮೇಲೆ ನಿಂತಿತು. ಹೊಸ ಕೋನ್‌ಸೆಟ್ ಒಂದಿಷ್ಟು ಓಡಿದ್ಮೇಲೆ ಕೂತ್ಕೊಂಡು ಸಡಿಲ ಆಗುತ್ತೆ, ಅದನ್ನ ಇನ್ನೊಂದ್ಸಲ ಬಿಗಿ ಮಾಡ್ಕೊಳ್ಳಿ.