ಯಾವ ಕೌಂಟರಿಗೆ ಯಾವ ಪಾಸ್‌ಪೋರ್ಟ್

ನಾನು ತುಮಕೂರಿನವನು. ಮೊದಲು ಕೆಲಸ ಸಿಕ್ಕಿದ್ದು ಬ್ರಿಟನ್ನಿನಲ್ಲಿ, ಈಗ ಇರುವುದು ಟೊರಾಂಟೊದಲ್ಲಿ. ಎರಡೂ ದೇಶದ ಪೌರತ್ವ ಇದೆ. ಅವರಿಬ್ಬರೂ ಇದಕ್ಕೆ ಒಪ್ಪುತ್ತಾರೆ, ಭಾರತ ಒಪ್ಪುವುದಿಲ್ಲ. ಹಾಗಾಗಿ ಬ್ರಿಟನ್ ಪೌರತ್ವ ಬಂದಾಗಲೇ ನಮ್ಮ ಪಾಸ್‌ಪೋರ್ಟ್ ಸರೆಂಡರ್ ಮಾಡಿ ಒಸಿಐ ಕಾರ್ಡ್ ಮಾಡಿಸಿಕೊಂಡೆ. ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್ ಅದು. ಊರಿಗೆ ಬರಲು ವೀಸಾ ಬೇಡ, ಆದರೆ ಓಟಿಲ್ಲ, ಹೊಲ ತೋಟ ಕೊಳ್ಳುವ ಹಾಗೂ ಇಲ್ಲ. ತಿಪಟೂರಿನ ಕಡೆ ಒಳ್ಳೆ ತೆಂಗಿನ ತೋಟ ಮಾರಾಟಕ್ಕಿದೆ ಬಾರೋ ಅಂತ ಮಾವ ಪ್ರತಿ ಸಲ ಕರೆಯುತ್ತಾರೆ. ಸುಮ್ನೆ ಎಳನೀರು ಕುಡಿದು ಬರುತ್ತೇನೆ.

ಕೆನಡಾ ಪಾಸ್‌ಪೋರ್ಟ್ ಬಂದ ಮೇಲೆ ಮೊದಲ ಸಲ ಊರಿಗೆ ಹೊರಟಾಗ ಎಡವಿದೆ. ಹೊಸದು ಅಲ್ವಾ, ಟಿಕೆಟ್‌ಗೆ ಅದರ ನಂಬರನ್ನೇ ಕೊಟ್ಟಿದ್ದೆ. ಕೌಂಟರಿನಲ್ಲಿದ್ದವರು ಒಸಿಐ ಕಾರ್ಡ್ ನೋಡಿದರು, ಪಾಸ್‌ಪೋರ್ಟ್ ನೋಡಿದರು, ಯಾರಿಗೋ ಫೋನ್ ಮಾಡಿದರು. ಕಾರ್ಡ್ ಆಗಿದ್ದದ್ದು ಬ್ರಿಟಿಷ್ ಪಾಸ್‌ಪೋರ್ಟ್ ಮೇಲೆ. ಪುಣ್ಯಕ್ಕೆ ಅದೂ ಬ್ಯಾಗಿನಲ್ಲಿತ್ತು. ತೆಗೆದುಕೊಟ್ಟೆ, ನಂಬರ್ ಬದಲಿಸಿ ಬೋರ್ಡಿಂಗ್ ಪಾಸ್ ಕೊಟ್ಟರು. ಬೆಂಗಳೂರಿನಲ್ಲಿ ಇಳಿದಾಗಲೂ ಅದನ್ನೇ ತೋರಿಸಿದೆ.

ವಾಪಸ್ ಬರುವಾಗ ಉಲ್ಟಾ. ಚೆಕ್-ಇನ್‌ನಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಕೊಟ್ಟೆ. 'ಸರ್, ಇಟಿಎ ಎಲ್ಲಿ?' ಅಂದರು. ಬ್ರಿಟಿಷರು ವಿಮಾನದಲ್ಲಿ ಕೆನಡಾಗೆ ಹೋಗಬೇಕಾದರೆ ಆನ್‌ಲೈನಿನಲ್ಲಿ ಆ ಅನುಮತಿ ತಗೊಂಡಿರಬೇಕು. ಕೆನಡಾ ಪ್ರಜೆಗೆ ಅದನ್ನು ಕೊಡುವುದೇ ಇಲ್ಲ, ಅವನಿಗೆ ಕೆನಡಾ ಪಾಸ್‌ಪೋರ್ಟೇ ಬೇಕು. ಅದನ್ನು ಕೊಟ್ಟ ಮೇಲೆ ಬಿಟ್ಟರು. ಇಮಿಗ್ರೇಷನ್‌ನಲ್ಲಿ ಮತ್ತೆ ಬ್ರಿಟಿಷ್ ಪಾಸ್‌ಪೋರ್ಟ್, ಒಸಿಐ ಕಾರ್ಡ್. ಒಳಗೆ ಬಂದದ್ದು ಯಾವುದರಲ್ಲೋ ಹೊರಗೆ ಹೋಗುವುದೂ ಅದರಲ್ಲೇ.

ಈಗ ಎರಡನ್ನೂ ಕೈಯಲ್ಲೇ ಹಿಡಿದಿರುತ್ತೇನೆ. ವಿಮಾನ ಕಂಪನಿಯವರು ನೋಡುವುದು ಇಳಿಯುವ ದೇಶ ನನ್ನನ್ನು ಒಳಗೆ ಬಿಡುತ್ತದಾ ಅಂತ. ಆ ದೇಶಕ್ಕೆ ಯಾವುದು ನಡೆಯುತ್ತದೋ ಅದನ್ನು ಕೊಡುತ್ತೇನೆ. ಐವತ್ತು ವರ್ಷ ದಾಟಿದ ಮೇಲೆ ಬ್ರಿಟಿಷ್ ಪಾಸ್‌ಪೋರ್ಟ್ ರಿನ್ಯೂ ಆದರೆ ಹೊಸದರ ಪ್ರತಿಯನ್ನು ಮೂರು ತಿಂಗಳೊಳಗೆ ಒಸಿಐ ವೆಬ್‌ಸೈಟಿಗೆ ಹಾಕಬೇಕು, ಅದನ್ನೂ ಮರೆಯುವುದಿಲ್ಲ.

ಒಂದೇ ಫಜೀತಿ, ಎರಡರ ರಟ್ಟೂ ಕಡುನೀಲಿ. ಸರೆಂಡರ್ ಆದ ಹಳೆಯ ಭಾರತದ್ದೂ ನೀಲಿನೇ. ಗುರುತಿಗೆ ಅಂತ ಬ್ರಿಟಿಷ್ ಪಾಸ್‌ಪೋರ್ಟಿಗೆ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೆ. ಹೋದ ಸಲ ಏರ್‌ಪೋರ್ಟಿನಲ್ಲಿ ನೋಡಿದರೆ ಬ್ಯಾಂಡೇ ಇಲ್ಲ. ಒಂದೊಂದನ್ನೇ ತೆರೆದು ನೋಡಿ ಕೊಡಬೇಕಾಯಿತು. ಟೊರಾಂಟೊಗೆ ಬಂದು ಸೂಟ್‌ಕೇಸ್ ತೆಗೆದಾಗ ಅದು ಸಿಕ್ಕಿತು. ಅಮ್ಮ ನಿಪ್ಪಟ್ಟಿನ ಪೊಟ್ಟಣದ ಬಾಯಿಗೆ ಹಾಕಿದ್ದರು.