ಬಳೆ ಕಾಲಿನ ಸ್ಟೂಲು: ಏಳು ವರ್ಷದ ನನ್ನ ಅನುಭವ

ಕಾಲಿಗೆ ಅರಗಿನ ಬಣ್ಣದ ಮರದ ಬಳೆ ಪೋಣಿಸಿದ ನನ್ನ ಸ್ಟೂಲುಗಳ ಕೊನೆಯ ಕಂತು ಹೋದ ತಿಂಗಳು ಲಾರಿ ಹತ್ತಿತು. ಒಟ್ಟು 340. ಮೊದಲ ಕಂತು ಹೋಗಿ ಒಂದು ಚಳಿಗಾಲ ಪೂರ್ತಿ ಕಳೆದಿದೆ. ಒಂದು ಬಳೆಯೂ ಸೀಳಿಲ್ಲ. ಅದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ಇದನ್ನು ಬರೆಯಲು ಕೂತಿದ್ದೇನೆ.

"ಅರಗು ಆಟಿಕೆಗೆ ಸರಿ ಸಾರ್, ಕೂರೋ ಸಾಮಾನಿಗೆ ಆಗಲ್ಲ." ಚನ್ನಪಟ್ಟಣದ ಹಿರಿಯ ಕೆಲಸಗಾರರೊಬ್ಬರು 2017ರಲ್ಲಿ ಹೇಳಿದ ಮಾತು ಇದು. ಎಲ್ಲರೂ ಅವರನ್ನು ದೊಡ್ಡ ಭಾಯ್ ಅಂತಲೇ ಕರೆಯುತ್ತಾರೆ. ಬೆಂಗಳೂರಿನಲ್ಲಿ ನನ್ನ ಜೊತೆ ಫರ್ನಿಚರ್ ಮಾಡುವ ಗೆಳೆಯರೂ ಅದನ್ನೇ ಹೇಳಿದರು. ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆದು ಮುಗಿಸು, ಸುಮ್ನೆ ಯಾಕೆ ತಲೆನೋವು ಅಂದರು. ಆದರೆ ಪಿಯು ಮೇಲೆ ಆ ಬಣ್ಣ ಬರುವುದಿಲ್ಲ. ತಿರುಗುವ ಆಲೆ ಮರಕ್ಕೆ (ಚನ್ನಪಟ್ಟಣದ ಆಟಿಕೆಗೆ ಬಳಸುವ ಬಿಳಿ ಮರ) ಅರಗಿನ ಕಡ್ಡಿ ಒತ್ತಿ, ಅದು ಕರಗಿ ಹರಡಿ, ಮೇಲೆ ಕೇದಗೆ ಗರಿ ಆಡಿಸಿದಾಗ ಬರುವ ಹೊಳಪೇ ಬೇರೆ. ಅದನ್ನು ನೋಡಿದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಮೊದಲು ಇಡೀ ಕಾಲನ್ನೇ ಕಡೆಸಿದೆ. 17 ಇಂಚು ಉದ್ದ, ಒಂದೂಮುಕ್ಕಾಲು ಇಂಚು ದಪ್ಪ. ಮೊದಲನೇ ತೊಂದರೆ, ಗಂಟಿಲ್ಲದ ಅಷ್ಟುದ್ದದ ನೇರ ಆಲೆ ತುಂಡು ಸಿಗುವುದೇ ಕಷ್ಟ. ಸಿಕ್ಕರೂ ಒಣಗುವಾಗ ಬಿಲ್ಲಿನಂತೆ ಬಾಗುತ್ತದೆ. ಲೇತಿಗೆ ಕೊಟ್ಟರೆ ನಡುಭಾಗ ಅದುರುತ್ತದೆ. ಕಡ್ಡಿ ಒತ್ತಿದರೆ ಎರಡು ತುದಿಯಲ್ಲಿ ಅರಗು ದಪ್ಪ, ನಡುವೆ ತೆಳು. ಸ್ಪೀಡು ಜಾಸ್ತಿ ಮಾಡಿದರೆ ಅರಗು ಸುಟ್ಟು ಕಪ್ಪಾಗುತ್ತದೆ, ಕಡಿಮೆ ಮಾಡಿದರೆ ಕರಗುವುದೇ ಇಲ್ಲ. ಸುಮಾರು 90 ಕಾಲು ಕಡೆಸಿದ್ದೆ. ಅದರಲ್ಲಿ ಉಪಯೋಗಕ್ಕೆ ಬಂದದ್ದು ಮೂವತ್ತೋ ಮೂವತ್ತೆರಡೋ.

ಅಷ್ಟನ್ನೇ ಜೋಡಿಸಿಕೊಂಡು 2018ರ ಅಕ್ಟೋಬರಿನಲ್ಲಿ ಗ್ರೇಟರ್ ನೋಯ್ಡಾದ ಐಎಚ್‌ಜಿಎಫ್ ಕರಕುಶಲ ವಸ್ತುಗಳ ರಫ್ತು ಮೇಳಕ್ಕೆ ಹೋದೆ. ಸ್ಟಾಲು, ಲಾರಿ, ರೈಲು, ಲಾಡ್ಜು ಎಲ್ಲಾ ಸೇರಿ ಎರಡೂಕಾಲು ಲಕ್ಷದ ಹತ್ತಿರ ಹೋಯಿತು. ಜನ ಬಂದರು, ಬಣ್ಣ ನೋಡಿದರು, ಫೋಟೊ ತೆಗೆದುಕೊಂಡರು. ಆರ್ಡರ್ ಒಂದೂ ಇಲ್ಲ. ಮೂರನೇ ದಿನ ಒಬ್ಬ ಖರೀದಿದಾರ ಸ್ಟೂಲನ್ನು ಬೆಳಕಿಗೆ ಹಿಡಿದು, ಕಾಲಿನ ನಡುವೆ ಬೆರಳಿಟ್ಟು ತೋರಿಸಿದ. ಅರಗು ತೆಳುವಾದ ಜಾಗ. ಮಾತಾಡಲಿಲ್ಲ, ಕೆಳಗಿಟ್ಟು ಹೋದ. ಆ ಬೆರಳು ಇವತ್ತಿಗೂ ಕಣ್ಣ ಮುಂದಿದೆ.

ಮುಂದಿನ ವರ್ಷ ಗುಜರಾತಿನ ಸಂಖೇಡಾಕ್ಕೆ ಹೋದೆ. ವಡೋದರಾದಿಂದ ಬಸ್ಸು. ಅರಗು ಕೂರುವ ಸಾಮಾನಿಗೆ ಆಗಲ್ಲ ಅನ್ನುವವರು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು. ತಲೆಮಾರುಗಳಿಂದ ತೇಗದಲ್ಲಿ ಕುರ್ಚಿ, ಉಯ್ಯಾಲೆ, ತೊಟ್ಟಿಲು ಕಡೆದು ಅರಗು ಹಾಕುತ್ತಿದ್ದಾರೆ. ಊರಿನ ಹೆಸರೇ ಲೇತಿನ ಗುಜರಾತಿ ಹೆಸರು ಸಂಘೇಡುವಿನಿಂದ ಬಂದದ್ದು. ತವರದ ಪುಡಿಯಲ್ಲಿ ಬಳ್ಳಿ ಬರೆದು, ಅಗೇಟ್ ಕಲ್ಲಿನಿಂದ ಉಜ್ಜುತ್ತಾರೆ. ಬೂದಿಯಂತಿದ್ದ ಗೆರೆ ಬೆಳ್ಳಿಯಾಗುತ್ತದೆ, ಮೇಲೆ ಅರಗು ಬಿದ್ದರೆ ಬಂಗಾರವಾಗುತ್ತದೆ. ಒಂದು ಮಧ್ಯಾಹ್ನ ಪೂರ್ತಿ ಅದನ್ನೇ ನೋಡುತ್ತಾ ಕೂತಿದ್ದೆ.

ಊರಿಗೆ ಬಂದು ತೇಗದ ಮೇಲೆ ನಮ್ಮ ಅರಗು ಹಾಕಿದೆ. ಕೆಂಪು ಚೆನ್ನಾಗಿ ಬಂತು. ಹಳದಿ, ತಿಳಿ ಹಸಿರು ಎರಡೂ ಮಬ್ಬು. ಆಲೆ ಬೆಳ್ಳಗಿರುತ್ತದೆ, ಅದಕ್ಕೇ ಬಣ್ಣ ಎದ್ದು ಕಾಣುತ್ತದೆ. ಬಣ್ಣಕ್ಕೆ ಆಲೆಯೇ ಬೇಕು, ಬಲಕ್ಕೆ ಬೇರೆ ಮರ ಬೇಕು. ಇಷ್ಟು ಗೊತ್ತಾಗಲು 40 ಸಾವಿರದ ತೇಗ ಹೋಯಿತು.

ದಾರಿ ಹೊಳೆದದ್ದು ಚನ್ನಪಟ್ಟಣದ ಹೆದ್ದಾರಿ ಬದಿಯ ಅಂಗಡಿಯಲ್ಲಿ. ಕಡ್ಡಿಗೆ ಬಣ್ಣದ ಬಳೆ ಪೇರಿಸುವ ಮಕ್ಕಳ ಆಟಿಕೆ ಇದೆ ಅಲ್ವಾ, ಅದೇ. ನೂರು ಸಲ ನೋಡಿದ್ದೆ. ಅವತ್ತು ಅದು ಸ್ಟೂಲಿನ ಕಾಲಿನ ಹಾಗೆ ಕಂಡಿತು.

ಒಳಗೆ ಹೊನ್ನೆ ಮರದ ಗೂಟ, 22 ಮಿಲಿಮೀಟರ್. ಅದರ ಮೇಲೆ ಐದೂವರೆ ಇಂಚು ಉದ್ದದ ಮೂರು ಆಲೆ ಬಳೆ. ಮೇಲೆ ಸೀಟಿನ ಚೌಕಟ್ಟಿಗೆ ಗೂಟ ಕೂರಿಸಿ ಬೆಣೆ, ಕೆಳಗೆ ಒಂದು ಪಾದ, ಅದಕ್ಕೂ ಬೆಣೆ. ಸೀಟಿಗೆ ನವಾರು. ಬಳೆ ಚಿಕ್ಕದಾದ್ದರಿಂದ ಲೇತಿನಲ್ಲಿ ಅದುರುವುದಿಲ್ಲ, ಅರಗು ಒಂದೇ ಸಮ ಹರಡುತ್ತದೆ. ಆಟಿಕೆಯವರು ಪಕ್ಕಕ್ಕೆ ಹಾಕುವ ತುಂಡುಗಳೂ ನನಗೆ ನಡೆಯುತ್ತವೆ. ಬಳೆ ಹಾಳಾದರೆ ಹೋಗುವುದು ಬಳೆ ಮಾತ್ರ, ಇಡೀ ಕಾಲಲ್ಲ.

ಮೂರು ತುಂಡಿನ ಕಾಲು ಮುರಿಯುತ್ತದೆ ಎಂದು ಎಲ್ಲರೂ ಅಂದರು. ಎರಡು ಮೂಟೆ ಸಿಮೆಂಟ್ ಹೇರಿ ಹನ್ನೊಂದು ದಿನ ಬಿಟ್ಟೆ. ದಿನಾ ಸಂಜೆ ಹುಡುಗರು ಅದನ್ನು ಹಿಡಿದು ಅಲ್ಲಾಡಿಸಿದರು. ಏನೂ ಆಗಲಿಲ್ಲ. ಭಾರ ಹೊರುವುದು ಹೊನ್ನೆ, ಬಳೆ ಅಲ್ಲ.

ಸಮಸ್ಯೆ ಬಂದದ್ದು ಬೇರೆ ಕಡೆಯಿಂದ. 2021ರ ಮಳೆಗಾಲ ಮುಗಿಯುತ್ತಿದ್ದಂತೆ ಹ್ಯಾಂಬರ್ಗ್‌ನ ಒಂದು ಚಿಕ್ಕ ಅಂಗಡಿಗೆ 24 ಸ್ಟೂಲು ಕಳಿಸಿದೆ. ಜನವರಿಯಲ್ಲಿ ಫೋಟೊ ಬಂತು. ಬಳೆಯ ಉದ್ದಕ್ಕೂ ಕೂದಲಿನಷ್ಟು ಸಣ್ಣ ಸೀಳು. ಒಂದರಲ್ಲಲ್ಲ, 24ರಲ್ಲಿ 15ರಲ್ಲಿ. ನಮ್ಮ ಮಳೆಗಾಲದ ಗಾಳಿಯಲ್ಲಿ ಬಿಗಿಯಾಗಿ ಕೂರಿಸಿದ ಬಳೆ, ಅಲ್ಲಿ ಹೀಟರ್ ಹಾಕಿದ ಮನೆಯಲ್ಲಿ ಒಣಗಿ ಕುಗ್ಗಿದೆ. ಒಳಗಿನ ಗೂಟ ಅಷ್ಟು ಕುಗ್ಗಿಲ್ಲ. ಬಳೆಗೆ ಸೀಳದೆ ಬೇರೆ ದಾರಿ ಇರಲಿಲ್ಲ. ದುಡ್ಡು ಪೂರ್ತಿ ವಾಪಸ್ ಕೊಟ್ಟೆ, ಹೆಚ್ಚುಕಡಿಮೆ 92 ಸಾವಿರ. ಆ ತಿಂಗಳು ಮನೆಯ ಒಡವೆ ಬ್ಯಾಂಕಿಗೆ ಹೋಯಿತು.

ಈಗ ರಂಧ್ರ ಅರ್ಧ ಮಿಲಿಮೀಟರ್ ಸಡಿಲ ಬಿಡುತ್ತೇನೆ, ಅಂಟು ಹಾಕುವುದೇ ಇಲ್ಲ. ಒಂದು ಚಿಕ್ಕ ರೂಮಿಗೆ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಹಾಕಿ, ಮರದ ತೇವಾಂಶ ಮೀಟರಿನಲ್ಲಿ ಶೇಕಡ 8, 9 ಬರುವವರೆಗೆ ಒಣಗಿಸುತ್ತೇನೆ. ಸಡಿಲ ಬಿಟ್ಟರೆ ಬಳೆ ಗಡಗಡ ಅನ್ನುತ್ತದೆ. ಅದಕ್ಕೆ ಎರಡು ಬಳೆಯ ನಡುವೆ ಒಂದು ವಸ್ತು ಹಾಕುತ್ತೇನೆ, ಅದು ಒತ್ತಿಕೊಂಡು ಬಳೆಯನ್ನು ಹಿಡಿದಿಡುತ್ತದೆ. ಏನು ಅಂತ ಇಲ್ಲಿ ಹೇಳಲ್ಲ. ಅದನ್ನು ಹುಡುಕಲು ಎಂಟು ತಿಂಗಳು ಹಿಡಿದಿದೆ. ರಬ್ಬರ್ ಅಲ್ಲ, ಕಾರ್ಕ್ ಅಲ್ಲ, ಅಷ್ಟು ಹೇಳಬಲ್ಲೆ.

2023ರ ಏಪ್ರಿಲ್‌ನಲ್ಲಿ ಮಿಲಾನಿನ ಫರ್ನಿಚರ್ ಮೇಳಕ್ಕೆ ಹೋಗಿದ್ದೆ. ಸ್ಟಾಲಿಗಲ್ಲ, ನೋಡಲು. ಊರಾಚೆಯ ಹಾಸ್ಟೆಲಿನಲ್ಲಿ ಮಲಗಿ, ದಿನಾ ಕೆಂಪು ಲೈನಿನ ಮೆಟ್ರೊದಲ್ಲಿ ಮೇಳ ನಡೆಯುವ ರೋ ಫಿಯೆರಾಕ್ಕೆ. ಖರ್ಚು ಒಂದೂಮುಕ್ಕಾಲು ಲಕ್ಷ. ಅಲ್ಲಿ ಕಂಡ ಒಂದು ವಿಷಯಕ್ಕೆ ಆ ದುಡ್ಡು ಸಾರ್ಥಕ. ಖರೀದಿದಾರರು ಕುರ್ಚಿಯನ್ನು ಎತ್ತಿ ತಲೆಕೆಳಗು ಮಾಡುತ್ತಾರೆ. ಮೊದಲು ಅಡಿ ನೋಡುತ್ತಾರೆ, ಆಮೇಲೆ ಕೂರುತ್ತಾರೆ. ನನ್ನ ಸ್ಟೂಲಿನ ಅಡಿಯಲ್ಲಿ ನವಾರಿನ ಮೊಳೆ ಕಾಣುತ್ತಿತ್ತು. ಬಂದ ಕೂಡಲೇ ಮೊಳೆ ತೆಗೆಸಿ, ನವಾರನ್ನು ಚೌಕಟ್ಟಿಗೆ ಸುತ್ತಿ ಹೊಲಿಸಿದೆ. ಪ್ರತಿ ಪಾದದ ಅಡಿಗೂ ಒಂದು ಕೆಂಪು ಅರಗಿನ ಬೊಟ್ಟು ಇಡಿಸಿದೆ. 1981ರಲ್ಲಿ ವಿನ್ಯಾಸಕ ಸೊತ್ಸಾಸ್ ಮತ್ತು ಗೆಳೆಯರು ಇದೇ ಊರಿನಲ್ಲಿ ಮೆಂಫಿಸ್ ಹೆಸರಿನಲ್ಲಿ ತೋರಿಸಿದ ಗಾಢ ಬಣ್ಣದ ಸಾಮಾನುಗಳನ್ನು ಚಿತ್ರದಲ್ಲಿ ನೋಡಿದ್ದೆ. ನಮ್ಮ ಬಣ್ಣಕ್ಕೆ ನಾಚಬೇಕಾಗಿಲ್ಲ ಎಂಬ ಧೈರ್ಯ ಅಲ್ಲಿ ಬಂತು.

2024ರ ಫೆಬ್ರವರಿಯಲ್ಲಿ ಮತ್ತೆ ಗ್ರೇಟರ್ ನೋಯ್ಡಾ. ಈ ಸಲ ಸ್ಟಾಲಿನಲ್ಲಿ ಅರ್ಧದಷ್ಟು ಸ್ಟೂಲನ್ನು ನಾನೇ ತಲೆಕೆಳಗಾಗಿ ಇಟ್ಟಿದ್ದೆ. ಎರಡನೇ ದಿನವೇ ಆರ್ಡರ್ ಬಂತು.

ಲೆಕ್ಕ ಕೇಳುವವರಿಗೆ: ಒಂದು ಸ್ಟೂಲಿಗೆ 12 ಬಳೆ, ಬಳೆಗೆ 45 ರೂಪಾಯಿ ಕೂಲಿ. ಮರ, ನವಾರು, ಪ್ಯಾಕಿಂಗ್ ಸೇರಿ ಸುಮಾರು 2,100. ಸಗಟಿಗೆ 3,900, ಬೆಂಗಳೂರಿನಲ್ಲಿ ಬಿಡಿಯಾಗಿ 6,500. ಪ್ಯಾಲೆಟ್ಟಿಗೆ ಐಎಸ್‌ಪಿಎಂ 15 ಮುದ್ರೆ (ಕೀಟ ಹೋಗುವಂತೆ ಮರ ಸಂಸ್ಕರಿಸಿದ್ದಕ್ಕೆ ಹಾಕುವ ಗುರುತು) ಇದೆಯಾ ಅಂತ ನೀವೇ ಕಣ್ಣಾರೆ ನೋಡಿ. ಒಮ್ಮೆ ನೋಡದೆ ಬಿಟ್ಟು 38 ಸಾವಿರ ಕಳೆದುಕೊಂಡಿದ್ದೇನೆ.

ನಡುವೆ ಬೇರೆ ಆಟಗಳೂ ನಡೆದವು. ಅರಗಿನ ಟೀಪಾಯಿ ಮಾಡಿದೆ, ಬಿಸಿ ಕಾಫಿ ಲೋಟ ಇಟ್ಟ ಕಡೆಯೆಲ್ಲ ಉಂಗುರ ಬಿತ್ತು. ಮೇಲ್ಮೈಗೆ ಅರಗು ಬೇಡವೇ ಬೇಡ. ಗೂಟಕ್ಕೆ ಅಡಿಕೆ ಮರ ಹಾಕಿ ನೋಡಿದೆ, ನಾರು ಬಿಟ್ಟುಕೊಂಡಿತು. ಆಂಧ್ರದ ಏಟಿಕೊಪ್ಪಾಕದ ಗಿಡದ ಬಣ್ಣಗಳ ಆಸೆಗೆ ಅರಿಸಿನ ಬೆರೆಸಿದೆ. ಕಿಟಕಿ ಬಿಸಿಲಿಗೆ ಎರಡೇ ತಿಂಗಳಲ್ಲಿ ಮಾಸಿತು. ನೀಲಿ ಮಾತ್ರ ನಿಂತಿದೆ. ಅದರಲ್ಲಿ ಒಂದು ಚಿಕ್ಕ ರೇಂಜ್ ಮಾಡುತ್ತೇನೆ, ಮಕ್ಕಳ ಮಣೆ ಮತ್ತು ಟವೆಲ್ ಸ್ಟ್ಯಾಂಡ್.

ದೊಡ್ಡ ಭಾಯ್ ಈಗ ನನಗೆ ವಾರಕ್ಕೆ 150 ಬಳೆ ಕೊಡುತ್ತಾರೆ. ಅಂಚಿನಲ್ಲಿ ಅರಗು ಸುರುಳದಂತೆ ಉಳಿಯನ್ನು ಕೊನೆಗೆ ಓರೆ ಮಾಡುವುದು ಅವರೇ ಕಂಡುಕೊಂಡದ್ದು, ನನ್ನದಲ್ಲ.

ಈಗ ಎಲ್ಲರೂ ಕೇಳುತ್ತಿರುವುದು ನಾಲ್ಕು ಅಡಿ ಬೆಂಚು. ಕಾಲು ಸರಿ ಇದೆ, ಆದರೆ ಅಡ್ಡ ಕಂಬಿಗೂ ಬಳೆ ಪೋಣಿಸಿದರೆ ಒಳಗಿನ ಹೊನ್ನೆ ಜಗ್ಗುತ್ತಿದೆ. ಐದರಲ್ಲಿ ಮೂರು ಬಾಗಿದವು. ಸದ್ಯ ಕಬ್ಬಿಣದ ಪೈಪು ಹಾಕಿ ನೋಡುತ್ತಿದ್ದೇನೆ, ತೂಕ ಜಾಸ್ತಿ ಆಗುತ್ತಿದೆ. ಇನ್ನೆರಡು ಮಾಡಿ, ಸಿಮೆಂಟ್ ಮೂಟೆ ಹೇರಿ, ಒಂದು ತಿಂಗಳು ಬಿಡಬೇಕು. ಅಲ್ಲಿಯವರೆಗೆ ಬೆಂಚಿನ ಆರ್ಡರ್ ತಗೊಳ್ಳಲ್ಲ.